ಮಲೆನಾಡಿನ ಗೆಳೆಯನಿಗೆ ಲಾಲ್‌ಬಾಗ್ ಕಥೆ

ಪ್ರೀತಿಯ ಗೆಳೆಯ,

"ಮನೆ ಹಿಂದೆಯೇ ಕಾಡಿದೆ, ಪಾರ್ಕ್ ನೋಡೋಕೆ ಬೆಂಗಳೂರಿಗೆ ಬರಬೇಕಾ?" ಅಂತ ಕೇಳಿದ್ದೀಯ. ತೀರ್ಥಹಳ್ಳಿಯವನು ಹಾಗೆ ಕೇಳಿದರೆ ತಪ್ಪೇನಿಲ್ಲ ಬಿಡು. ಆದರೆ ನಿಮ್ಮ ಕಾಡು ತಾನಾಗಿ ಬೆಳೆದದ್ದು. ಲಾಲ್‌ಬಾಗ್‌ನಲ್ಲಿ ಎಷ್ಟೋ ಗಿಡಗಳನ್ನು ಯಾರೋ ಎಲ್ಲಿಂದಲೋ ತಂದು, ನೀರು ಹಾಕಿ, ಇಲ್ಲಿನ ಹವೆಗೆ ಒಗ್ಗುತ್ತದಾ ಅಂತ ಕಾದು ನೋಡಿದ್ದಾರೆ. ನನಗೆ ಮಜಾ ಅನ್ನಿಸೋದು ಆ ಕಥೆ.

1760ರಲ್ಲಿ ಹೈದರ್ ಅಲಿ ಶುರು ಮಾಡಿಸಿದಾಗ ಇದು ಸುಮಾರು 40 ಎಕರೆ. ಟಿಪ್ಪು ಹೊರದೇಶಗಳಿಂದಲೂ ಗಿಡ, ಬೀಜ ತರಿಸಿದ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಈಗ 240 ಎಕರೆ. ಸಸ್ಯೋದ್ಯಾನವಾದ ಮೇಲೆ ಇದರ ಮೇಲ್ವಿಚಾರಕರಾಗಿ ಬಂದ ಜಾನ್ ಕ್ಯಾಮರನ್ ಹೂವಿನಷ್ಟೇ ತರಕಾರಿ ಮೇಲೂ ಮನಸ್ಸಿಟ್ಟವರು. ನಿಮ್ಮಮ್ಮ ಸಾಂಬಾರಿಗೆ ಹಾಕುವ ಸೀಮೆಬದನೆಯನ್ನು ಈ ಕಡೆ ತಂದು ಬೆಳೆಸಿದವರು ಅವರೇ ಅಂತಾರೆ.

ಗಾಜಿನ ಮನೆಯೂ ಅವರ ಕಾಲದ್ದೇ. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಕಟ್ಟಿದ್ದು. 1935ರಲ್ಲಿ ಪೂರ್ವದ ಕಡೆ ಬೆಳೆಸುವಾಗ ನಿಮ್ಮ ಜಿಲ್ಲೆಯ ಭದ್ರಾವತಿ ಕಬ್ಬಿಣ ಬಳಸಿದರು. ಈಗಲಾದರೂ ಸ್ವಲ್ಪ ಅಭಿಮಾನ ಬಂತಾ?

ಆದರೆ ನಿನ್ನನ್ನು ನಾನು ಮೊದಲು ಕರೆದುಕೊಂಡು ಹೋಗೋದು ಲಾಲ್‌ಬಾಗ್ ಒಳಗಿನ ಬಂಡೆಗೆ. ಅದು ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಜನ ಅದರ ಮೇಲೆ ಕೂತು ಕಡಲೆಕಾಯಿ ತಿಂತಾರೆ! ಬಗ್ಗಿ ನೋಡು, ಬೂದು ಕಲ್ಲಿನೊಳಗೆ ಕಪ್ಪು ಬಿಳುಪು ಪಟ್ಟೆಗಳು ಬಳುಕುತ್ತಾ ಹೋಗಿರುತ್ತವೆ. ಭೂಮಿಯೊಳಗಿನ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಆದದ್ದು. ಮೇಲಿರೋದು ಕೆಂಪೇಗೌಡ ಗೋಪುರ. ಊರಿನ ಗಡಿಗೆ ಗುರುತು ಅಂತ ಕಟ್ಟಿದ ನಾಲ್ಕರಲ್ಲಿ ಅದೂ ಒಂದು ಅಂತಾರೆ. ಅಲ್ಲಿ ನಿಂತು ಸುತ್ತ ನೋಡಿದರೆ ಊರು ಆ ಗಡಿಯನ್ನು ಎಷ್ಟು ದೂರ ದಾಟಿದೆ ಅಂತ ಗೊತ್ತಾಗುತ್ತದೆ.

ಇನ್ನು ಕಬ್ಬನ್ ಪಾರ್ಕ್. 1870ರಲ್ಲಿ ಬ್ರಿಟಿಷ್ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಯೋಜಿಸಿದ್ದು. ಮೊದಲು ಮೀಡ್ಸ್ ಪಾರ್ಕ್ ಅಂತಿತ್ತು. 1927ರಿಂದ ದಾಖಲೆಯಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ, ಜನರ ಬಾಯಲ್ಲಿ ಮಾತ್ರ ಕಬ್ಬನ್ ಪಾರ್ಕೇ. ಕೆಂಪು ಬಣ್ಣದ ಹೈಕೋರ್ಟ್, ಕೇಂದ್ರ ಗ್ರಂಥಾಲಯ, ಬ್ಯಾಂಡ್ ಸ್ಟ್ಯಾಂಡ್ ಎಲ್ಲ ಅಲ್ಲೇ. ಬಿದಿರು ಮೆಳೆಯ ಪಕ್ಕ ಸುಮ್ನೆ ಕೂತರೂ ಸಾಕು.

ಒಬ್ಬರ ಹೆಸರು ಹೇಳದೆ ಇರೋಕಾಗಲ್ಲ, ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗೆಲ್. 1908ರಲ್ಲಿ ಲಾಲ್‌ಬಾಗ್‌ಗೆ ಬಂದರು. ಒಂದು ಜಾತಿ ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ಊರಲ್ಲಿ ವರ್ಷವಿಡೀ ಎಲ್ಲಾದರೂ ಬಣ್ಣ ಇರಬೇಕು ಅನ್ನೋದು ಅವರ ಲೆಕ್ಕ. ಮಾರ್ಚ್‌ನಲ್ಲಿ ಜಕರಂಡದ ನೇರಳೆ, ಮೇ ತಿಂಗಳಲ್ಲಿ ಗುಲ್‌ಮೊಹರ್ ಕೆಂಪು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ನನ್ನ ಕೋಪ ಸ್ವಲ್ಪ ಇಳಿಯೋದೇ ಈ ಮರಗಳಿಂದ. ಇಂಥ ಯೋಚನೆ ನಿಮ್ಮ ಕಾಡಿಗೆ ಬೇಕಿಲ್ಲ, ನಗರಕ್ಕೆ ಬೇಕು ಅಲ್ವಾ?

ಜನವರಿ 26, ಆಗಸ್ಟ್ 15ರ ಹೊತ್ತಿಗೆ ಮಾತ್ರ ಬರಬೇಡ. ಫ್ಲವರ್ ಶೋ ಚೆನ್ನಾಗಿರುತ್ತದೆ, ನಿಜ. ಆದರೆ ಹೂವಿಗಿಂತ ತಲೆಗಳೇ ಜಾಸ್ತಿ ಕಾಣುತ್ತವೆ. ವಾರದ ಮಧ್ಯೆ ಬಾ. ಬೆಳಗ್ಗೆ ಆರಕ್ಕೇ ಲಾಲ್‌ಬಾಗ್ ಹೊಕ್ಕು, ಬಿಸಿಲೇರುವ ಮುಂಚೆ ಬಂಡೆ ಹತ್ತಿ ಇಳಿಯೋಣ. ಮಾವಳ್ಳಿಯಲ್ಲಿ ತಿಂಡಿ. ಆಮೇಲೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಕಬ್ಬನ್ ಪಾರ್ಕ್. ಜಾರದ ಚಪ್ಪಲಿ ಹಾಕಿಕೊಂಡು ಬಾ. ಟಿಕೆಟ್ ಆದ ಕೂಡಲೇ ತಿಳಿಸು, ನಾನು ರಜೆ ಹಾಕಬೇಕು.

ಇಂತಿ ನಿನ್ನ ಗೆಳೆಯ