ಬಬಲ್ ಟೀ ಲೋಟದಲ್ಲಿ ಏನೇನಿದೆ ಎಂದು ಅಂಗಡಿಯವರು ಬರೆದು ತೋರಿಸಲಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದ ಕಾಲೇಜು ಮಕ್ಕಳ ಬಾಯಲ್ಲಿ ಈಗ ಬಬಲ್ ಟೀ ಎಂಬ, ಅಗಿಯುವ ಗುಂಡುಗಳನ್ನು ಹಾಕಿದ ತೈವಾನಿನ ಸಿಹಿ ಚಹಾದ್ದೇ ಮಾತು. ಆ ಚಹಾದ ತಳದಲ್ಲಿರುವ ಕಪ್ಪು ಗುಂಡುಗಳು ಪ್ಲಾಸ್ಟಿಕ್‌ನವು ಎಂಬ ಸಂದೇಶ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡಿದಾಗ, ಪಿಯುಸಿ ಓದುತ್ತಿರುವ ನನ್ನ ಮೊಮ್ಮಗಳು "ಇದು ನಿಜವೇ ಅಜ್ಜಿ?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ತಮ್ಮ ಓದುಗರ ಮುಂದೆಯೂ ಇಡುತ್ತಿದ್ದೇನೆ. ಆ ಗುಂಡುಗಳು ನಮಗೆಲ್ಲ ಪರಿಚಯವಿರುವ ಮರಗೆಣಸಿನವು. ಪೋಷಕರು ಯೋಚಿಸಬೇಕಾದದ್ದು ಅವು ಮುಳುಗಿರುವ ಸಿಹಿಯ ಬಗ್ಗೆ.

ಮರಗೆಣಸನ್ನು ಅರೆದು, ನೀರಿನಲ್ಲಿ ಸೋಸಿ, ತಳದಲ್ಲಿ ಕೂತ ಪಿಷ್ಟವನ್ನು ಒಣಗಿಸಿದರೆ ಸಿಗುವ ಬಿಳಿಯ ಹಿಟ್ಟೇ ಇದರ ಮೂಲ. ತಮಿಳುನಾಡಿನ ಸೇಲಂ ಸುತ್ತಮುತ್ತ ಇದೇ ಪಿಷ್ಟದಿಂದ ಸಬ್ಬಕ್ಕಿ ತಯಾರಾಗುತ್ತದೆ. ನಾವು ಅದನ್ನು ಉಪವಾಸದ ದಿನ ಉಪ್ಪಿಟ್ಟು ಮಾಡುತ್ತೇವೆ, ಹಬ್ಬಕ್ಕೆ ಪಾಯಸ ಮಾಡುತ್ತೇವೆ. ತೈವಾನ್‌ನವರು ಕಂದು ಸಕ್ಕರೆ ಹಾಕಿ ಕುದಿಸಿದ ನೀರಿನಲ್ಲಿ ಈ ಹಿಟ್ಟನ್ನು ನಾದಿ, ಕಡಲೆಕಾಳಿನ ಗಾತ್ರದ ಗುಂಡು ಕಟ್ಟಿ, ಅರ್ಧ ಗಂಟೆಯಷ್ಟು ಬೇಯಿಸಿ, ಮತ್ತೆ ಪಾಕದಲ್ಲಿ ನೆನೆಸುತ್ತಾರೆ. ಕಪ್ಪು ಬಣ್ಣ ಬರುವುದು ಆ ಸಕ್ಕರೆಯಿಂದ, ಕೆಲವೆಡೆ ಸೇರಿಸುವ ಕ್ಯಾರಮೆಲ್ ಬಣ್ಣದಿಂದ. ಬೆಂದ ಗುಂಡುಗಳು ಕೆಲವೇ ಗಂಟೆಗಳಲ್ಲಿ ಗಡುಸಾಗುವುದರಿಂದ ಅವನ್ನು ಅಂದಂದೇ ಬೇಯಿಸಬೇಕಾಗುತ್ತದೆ. ತಣ್ಣಗಾದ ಸಬ್ಬಕ್ಕಿ ಪಾಯಸ ಮುದ್ದೆಗಟ್ಟುವುದನ್ನು ಕಂಡ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಪಾನೀಯ ಹುಟ್ಟಿದ್ದು 1980ರ ದಶಕದ ತೈವಾನ್‌ನಲ್ಲಿ. ತೈಚುಂಗ್ ನಗರದ ಚುನ್ ಶುಯಿ ತಾಂಗ್ ಎಂಬ ಚಹಾ ಅಂಗಡಿಯ ಲಿನ್ ಶಿಯು ಹುಯಿ, 1988ರಲ್ಲಿ ತಾವು ತಿನ್ನುತ್ತಿದ್ದ ಮರಗೆಣಸಿನ ಸಿಹಿಗುಂಡುಗಳನ್ನು ತಣ್ಣನೆಯ ಚಹಾಕ್ಕೆ ಸುರಿದು ನೋಡಿದರೆಂದು ಆ ಅಂಗಡಿಯವರು ಹೇಳುತ್ತಾರೆ. ತೈನಾನ್ ನಗರದ ಹಾನ್‌ಲಿನ್ ಅಂಗಡಿಯವರು 1986ರಲ್ಲೇ ತಾವು ಇದನ್ನು ಮಾಡಿದ್ದಾಗಿ ವಾದಿಸಿದರು. ವ್ಯಾಜ್ಯ ಹತ್ತು ವರ್ಷ ನಡೆದು 2019ರಲ್ಲಿ ಮುಗಿದಾಗ, ಇದು ಯಾರ ಪೇಟೆಂಟಿಗೂ ಒಳಪಟ್ಟ ವಸ್ತುವಲ್ಲವಾದ್ದರಿಂದ ಮೊದಲು ಮಾಡಿದವರು ಯಾರೆಂದು ತೀರ್ಮಾನಿಸುವ ಅಗತ್ಯವಿಲ್ಲವೆಂದು ನ್ಯಾಯಾಲಯ ಹೇಳಿತು. ಹೀಗೆ ಯಾರು ಬೇಕಾದರೂ ಮಾಡಬಹುದಾದ್ದರಿಂದಲೇ ಅದು ಏಷ್ಯಾದ ಊರೂರಿಗೆ, ತೈವಾನಿನ ವಲಸಿಗರ ಜೊತೆ ಕ್ಯಾಲಿಫೋರ್ನಿಯಾಕ್ಕೆ, ಈಗ ಮಲೆನಾಡಿಗೂ ಬಂದು ತಲುಪಿದೆ ಎಂಬುದು ನನ್ನ ಭಾವನೆ.

ಮೊಮ್ಮಗಳ ಜೊತೆ ಹೋಗಿ ನಾನೂ ಕುಡಿದೆ. ಪಾಕದ ಪರಿಮಳಕ್ಕೆ ಚಿಕ್ಕಂದಿನಲ್ಲಿ ಆಲೆಮನೆಯಲ್ಲಿ ನೆಕ್ಕಿದ ಜೋನಿ ಬೆಲ್ಲದ ನೆನಪಾಯಿತು. ಆದರೆ ಹಾಕಿರುವುದು ಹಾಲೋ ಪುಡಿಯೋ, ಸಕ್ಕರೆ ಎಷ್ಟು ಎಂದು ಕೇಳಿದರೆ ಅಂಗಡಿಯಲ್ಲಿದ್ದ ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಹಾಲಿನ ಬದಲು ಬಳಸುವ ಕ್ರೀಮರ್ ಪುಡಿಯಲ್ಲಿ ಮುಖ್ಯವಾಗಿ ಇರುವುದು ಸಸ್ಯಜನ್ಯ ಎಣ್ಣೆ ಮತ್ತು ಗ್ಲೂಕೋಸ್ ಪಾಕ. ವಯಸ್ಕರು ದಿನಕ್ಕೆ ತೆಗೆದುಕೊಳ್ಳುವ ಸೇರಿಸಿದ ಸಕ್ಕರೆ 25 ಗ್ರಾಂ, ಅಂದರೆ ಸುಮಾರು ಆರು ಚಮಚ, ಮೀರದಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಹಾಕ್ಕೆ ಒಂದು ಸಿಹಿ, ಗುಂಡಿಗೆ ಇನ್ನೊಂದು ಸಿಹಿ, ಲೋಟದ ಗೋಡೆಗೆ ಸವರಿದ ಪಾಕ ಮತ್ತೊಂದು ಸೇರಿದರೆ ಆ ಮಿತಿ ಒಂದೇ ಲೋಟದಲ್ಲಿ ಸುಲಭವಾಗಿ ದಾಟಿಹೋಗುತ್ತದೆ. ಸಕ್ಕರೆಯ ಬದಲು ನಮ್ಮ ಬೆಲ್ಲವನ್ನೇ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ. ಪುಟ್ಟ ಮಕ್ಕಳಿಗಂತೂ ದಪ್ಪ ಸ್ಟ್ರಾದಲ್ಲಿ ಹೀರಿದ ಗುಂಡು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಸಿಂಗಪುರದಲ್ಲಿ 2023ರ ಡಿಸೆಂಬರ್ ಕೊನೆಯಿಂದ, ಅಂಗಡಿಯಲ್ಲೇ ಕಲಸಿಕೊಡುವ ಬಬಲ್ ಟೀಗೂ ಸಕ್ಕರೆ ಮತ್ತು ಕೊಬ್ಬಿನ ಪ್ರಮಾಣಕ್ಕೆ ತಕ್ಕಂತೆ 'ಎ'ಯಿಂದ 'ಡಿ'ವರೆಗೆ ಶ್ರೇಣಿ ನಿಗದಿಯಾಗಿದೆ. ನಮ್ಮಲ್ಲಿ 2020ರ ನಿಯಮಗಳು ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಳಿಗೆಗಳಿರುವ ಸಂಸ್ಥೆಗಳು ಆಹಾರಪಟ್ಟಿಯಲ್ಲಿ ಕ್ಯಾಲೊರಿ ನಮೂದಿಸಬೇಕೆನ್ನುತ್ತವೆ; ಒಂದೇ ಮಳಿಗೆಯ ಸಣ್ಣ ವ್ಯಾಪಾರಿಗೆ ಆ ಕಟ್ಟುಪಾಡು ತಟ್ಟುವುದಿಲ್ಲ. ಆದ್ದರಿಂದ ಒಂದು ಲೋಟಕ್ಕೆ ಎಷ್ಟು ಚಮಚ ಸಕ್ಕರೆ, ಬಳಸಿರುವುದು ಹಾಲೋ ಪುಡಿಯೋ, ಗುಂಡುಗಳನ್ನು ಬೇಯಿಸಿದ್ದು ಯಾವಾಗ ಎಂಬ ಮೂರು ಸಾಲುಗಳನ್ನು ಕನ್ನಡದಲ್ಲಿ ಬರೆದು ತೂಗುಹಾಕುವಂತೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ವ್ಯಾಪಾರಿಗಳ ಮನವೊಲಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ಓರ್ವ ಓದುಗರು, ವಿನೋಬನಗರ, ಶಿವಮೊಗ್ಗ