ಬನಹಟ್ಟಿಯ ದೋಸ್ತಗ: ಆ ಒಂದ ತಾಸಿನ ರೊಕ್ಕ

(ದೋಸ್ತನ ಹೆಸರ ತಗದು, ಅಂವನ ಒಪ್ಪಿಗಿ ತಗೊಂಡು ಇಲ್ಲಿ ಹಾಕೇನಿ. ಇನ್ನ ನಾಕ ಮಂದಿಗೆ ಬೇಕಾದೀತು, ಹಾಕು ಅಂತ ಅಂವನ ಹೇಳಿದ.)

ನವನಗರ, ಬಾಗಲಕೋಟಿ

ದೋಸ್ತ,

ನಿನ್ನೆ ರಾತ್ರಿ ಹನ್ನೊಂದೂವರಿಗೆ ಫೋನ್ ಮಾಡಿ ಮೊದಲ ಹತ್ತ ನಿಮಿಷ ನೂಲಿನ ರೇಟಿನ ಬಗ್ಗೆ ಮಾತಾಡಿದಿ. ಆಮ್ಯಾಲ ಸುಮ್ಮನಾದಿ. ಹಿಂದ ಮಗ್ಗದ ಸಪ್ಪಳ ಸುದ್ದಾ ಇರಲಿಲ್ಲ. ಕಡೀಕ "ನೀ ಹೋಗ್ತಿದ್ದೆಲ್ಲ, ಆ ಮೇಡಂ ಕಡೆ, ಅವ್ರು ಏನ ಕೇಳ್ತಾರ? ಎಷ್ಟ ತಗೋತಾರ?" ಅಂದಿ. ಮನಸ್ಸಿಗೆ ಮಾತಿನ ಚಿಕಿತ್ಸಾ ಮಾಡೂ ಮೇಡಂ ಬಗ್ಗೆ ಇಷ್ಟ ಕೇಳಾಕ ನಿನಗ ಎಷ್ಟ ದಿನ ಹಿಡದಿರಬೇಕು ಅನ್ನೂದು ನನಗ ಗೊತ್ತೈತಿ. ನನಗ ಎಂಟ ತಿಂಗಳ ಹಿಡದಿತ್ತು. ಫೋನಿನ್ಯಾಗ ಸರಿಯಾಗಿ ಹೇಳಾಕ ಆಗಲಿಲ್ಲ, ಅದಕ್ಕ ಬರೀತೀನಿ.

ಎಲ್ಲಾಕ್ಕಿಂತ ಮೊದಲ ಒಂದ ಮಾತು. ನಿನ್ನೆ ಕೇಳಬೇಕಾಗಿತ್ತು, ನನಗ ಬಾಯಿ ಬರಲಿಲ್ಲ. ಅಪ್ಪಾರು ಹೋದ ಮ್ಯಾಲ ನಿದ್ದಿ ಇಲ್ಲ, ಊಟ ಸೇರವಲ್ದು, ಮಗ್ಗದ ಮನಿಗೆ ಕಾಲಿಡಾಕ ಮನಸ್ಸಾಗವಲ್ದು ಅಂದಿ. ಸಾಯೂ ವಿಚಾರ ಬರತಾವೇನು? ಬರತಿದ್ರ ಈ ಪತ್ರ ಇಲ್ಲೇ ಬಿಡು, ನನಗ ಫೋನ್ ಮಾಡು. ಎಷ್ಟ ಹೊತ್ತಾಗಿದ್ರೂ ಮಾಡು. ನಾ ಎತ್ತಲಿಲ್ಲಂದ್ರ 14416ಕ್ಕ ಮಾಡು. ಅದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರದಾಗ ಸುರು ಆಗಿದ್ದು. ಹಗಲು ರಾತ್ರಿ ಇರತೈತಿ, ಕನ್ನಡದಾಗ ಮಾತಾಡ್ತಾರ, ಒಂದ ರೂಪಾಯಿ ಇಲ್ಲ. ಇಂಥಾದ್ದು ಬಾಯಿಬಿಟ್ಟ ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹಾಕಿದಂಗ ಆಗತೈತಿ ಅಂತ ನಾನೂ ತಿಳದಿದ್ದೆ. ಹಂಗೇನ ಆಗೂದಿಲ್ಲಂತ. ಮೇಡಂ ನನ್ನ ಮೊದಲನೇ ದಿನಾನ ಇದನ್ನ ನೆಟ್ಟಗ ಕೇಳಿದ್ರು. ಕೇಳಿದ್ದಕ್ಕ ನನಗ ಹಗರ ಆತು.

ಈಗ ನಂದು ಹೇಳ್ತೀನಿ. ನಿನಗ ಪೂರ್ತಿ ಎಂದೂ ಹೇಳಿಲ್ಲ.

ಅವತ್ತ ನಾ ಕ್ಯಾಶ್ ನೋಡೂ ಸಂಘದ ಕೌಂಟರಿನ್ಯಾಗ 500ರ ನೋಟಿನ ಕಟ್ಟ ಎಣಸಾಕ ಹತ್ತಿದ್ದೆ. ಅರವತ್ತಮೂರಕ್ಕ ಬೆರಳು ನಡಗಾಕ ಸುರು ಆದ್ವು. ಅರವತ್ತಮೂರರ ಮುಂದ ಎಷ್ಟು ಅನ್ನೂದ ಮರತಹೋತು. ಮತ್ತ ಮೊದಲಿಂದ ಎಣಿಸಿದೆ, ಮತ್ತ ಅಲ್ಲೇ ನಿಂತೆ. ಎದಿ ಧಡಧಡ, ಬೆನ್ನಿಗೆ ಅಂಗಿ ಹತ್ತಿಕೊಂಡಿತ್ತು. ಕಿಡಕಿ ಆಚೆ ನಿಂತ ಮುದಕಿ "ಯಪ್ಪಾ, ನೀರ ಕುಡಿ" ಅಂದ್ಲು. ನಾ ಸಾಯಾಕ ಹತ್ತೇನಿ ಅಂತನ ತಿಳದೆ. ಅಲ್ಲಿಂದ ಎಂಟ ತಿಂಗಳದಾಗ ನಾಕ ಇಸಿಜಿ, ಒಂದ ಎಕೋ, ಒಂದ ಟ್ರೆಡ್‌ಮಿಲ್ ಟೆಸ್ಟ್, ಬೆಳಗಾವಿಗೆ ಎರಡ ಸಲ ಬಾಡಗಿ ಗಾಡಿ. ಎಲ್ಲಾ ಚೀಟಿ ಇಟ್ಟೇನಿ, ಕೂಡಿಸಿದ್ರ 14,300 ಆಗತೈತಿ. ಮೊದಲನೇ ಇಸಿಜಿ ಮಾಡಸಬೇಕಾಗಿತ್ತು, ಎದಿ ನೋವು ಬಂದಾಗ ಯಾರೂ ಅದನ್ನ ಬಿಡಬಾರದು. ನಾಕನೇದು ಬೇಕಾಗಿರಲಿಲ್ಲ. ಹಾರ್ಟಿನ ಡಾಕ್ಟರು "ನಿಮ್ಮ ಹಾರ್ಟ್ ಗಟ್ಟಿ ಐತ್ರಿ, ಇದು ಗಾಬರಿ, ಮನಸ್ಸಿನ ಡಾಕ್ಟರಿಗೆ ತೋರಸ್ರಿ" ಅಂತ ಎರಡನೇ ಸಲಕ್ಕನ ಹೇಳಿದ್ರು. ನಾ ಕೇಳಲಿಲ್ಲ. ನಾವು ಸಣ್ಣವರಿದ್ದಾಗ ಯಾರರ ವಿಚಿತ್ರ ಮಾಡಿದ್ರ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತಿದ್ರಲ್ಲ, ಅಲ್ಲಿಯ ಮನಸ್ಸಿನ ಆಸ್ಪತ್ರಿಗೆ ಅಂತ, ಆ ಮಾತು ತಲ್ಯಾಗ ಕುಂತಬಿಟ್ಟಿತ್ತು.

ಮೊದಲ ನಾ ಹೋದದ್ದು ತಪ್ಪ ಜಾಗಾಕ್ಕ. ಬೋರ್ಡಿನ ಮ್ಯಾಲ ಕೌನ್ಸೆಲರ್ ಅಂತ ಇತ್ತು. ಆ ಮನಷ್ಯಾ ಇಪ್ಪತ್ತ ನಿಮಿಷ ತಾನ ಮಾತಾಡಿದ. ಆತ್ಮವಿಶ್ವಾಸ ಬೇಕು, ಮುಂಜಾನೆ ಲಗೂನ ಏಳಬೇಕು, ಮೊಬೈಲ್ ಬಿಡಬೇಕು. ಆಮ್ಯಾಲ ಹತ್ತ ಸೆಷನ್ನಿನ ಪ್ಯಾಕೇಜಿಗೆ 15,000 ಮೊದಲ ಕಟ್ರಿ ಅಂದ. ನಾ ಅರ್ಧಾ ಕಟ್ಟಿ ಬಂದೆ. ಆ ರೊಕ್ಕ ಹೋದಂಗ ಹೋತು, ಅದಕ್ಕಿಂತ ಹೆಚ್ಚು ಅದರಿಂದ ಮತ್ತ ಮೂರ ತಿಂಗಳ ಯಾರ ಕಡೆನೂ ಹೋಗಲಿಲ್ಲ. ನೀ ಹಂಗ ಮಾಡಬ್ಯಾಡ. ಮೊದಲನೇ ಫೋನಿನ್ಯಾಗ ಏನ ಓದೀರಿ ಅಂತ ಕೇಳು. ಮನೋವೈದ್ಯರಂದ್ರ ಎಂಬಿಬಿಎಸ್ ಮುಗಿಸಿ ಮನೋರೋಗದಾಗ ಎಂಡಿ ಇಲ್ಲಾ ಡಿಪಿಎಂ ಮಾಡಿದವರು, ಗುಳಿಗಿ ಬರದ ಕೊಡವ್ರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರ ಸಾಮಾನ್ಯವಾಗಿ ಎಂಫಿಲ್ ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನ್ಯಾಗ, ಅಂದ್ರ ಆರ್‌ಸಿಐದಾಗ, ಹೆಸರ ನೋಂದಾಯಿಸಿದವರು. ಅವರು ಗುಳಿಗಿ ಕೊಡೂದಿಲ್ಲ, ಮಾತಿನ ಚಿಕಿತ್ಸಾ ಮಾಡ್ತಾರ. ನೋಂದಣಿ ನಂಬರ ಕೇಳಿದ್ರ ಸರಿಯಾದವರು ಸಿಟ್ಟಾಗೂದಿಲ್ಲ. ನನಗ ಎರಡೂ ಬೇಕಾದ್ವು. ಗುಳಿಗಿ ಹಿಡಿಯಾಕ ಎರಡರಿಂದ ನಾಕ ವಾರ ಬೇಕು, ಆರಾಮ ಅನಿಸ್ತು ಅಂತ ನಡುವ ನೀನ ಬಿಡಬಾರದು, ಡಾಕ್ಟರು ಸಾವಕಾಶ ಇಳಸ್ತಾರ. ಆದ್ರ ಗುಳಿಗಿ ಎಲ್ಲಾರಿಗೂ ಬೇಕಾಗೂದಿಲ್ಲ, ಅದನ್ನ ಅವರ ನೋಡಿ ಹೇಳಲಿ.

ಇನ್ನೊಂದು ಕೇಳಬೇಕಾದ್ದು, ನಮ್ಮ ಮಾತು ತಿಳಿತೈತೇನು ಅಂತ. ನಡುವ ಒಬ್ಬರ ಕಡೆ ವಿಡಿಯೋದಾಗ ಒಂದ ಸಲ ಮಾತಾಡಿದ್ದೆ. ಅವರು ಒಳ್ಳೆಯವರ, ಆದ್ರ ನಾ "ಜೀವಾ ಒಜ್ಜಿ ಆಗೇತ್ರಿ" ಅಂದ್ರ ಅದನ್ನ ಇಂಗ್ಲೀಷಿನ್ಯಾಗ ಹೇಳಿ ತಿಳಿಸಬೇಕಾತು. ಅಳೂವಾಗ ಭಾಷಾಂತರ ಮಾಡಾಕ ಆಗೂದಿಲ್ಲ.

ಮೇಡಂ ಅವರ ಖೋಲಿ ಒಂದ ಔಷಧ ಅಂಗಡಿ ಮ್ಯಾಲ ಐತಿ. ಮಂಚ ಗಿಂಚ ಏನಿಲ್ಲ. ಎರಡ ಕುರ್ಚಿ, ಎದರಾಬದರಾ ಅಲ್ಲ, ಸ್ವಲ್ಪ ಓರೆ ಇಟ್ಟಿರ್ತಾರ, ಕಣ್ಣಾಗ ಕಣ್ಣ ಇಟ್ಟ ಮಾತಾಡೂ ಒತ್ತಾಯ ಇರಬಾರದು ಅಂತ. ಮೊದಲ ಒಂದ ಹಾಳಿ ಓದಿ ಹೇಳಿದ್ರು: ಇಲ್ಲಿ ಆಡಿದ್ದು ಹೊರಗ ಹೋಗೂದಿಲ್ಲ, ಮನಿಯವರು ಫೋನ್ ಮಾಡಿ ಕೇಳಿದ್ರೂ ಹೇಳೂದಿಲ್ಲ. ನಿಮ್ಮ ಜೀವಕ್ಕ ಇಲ್ಲಾ ಮತ್ತೊಬ್ಬರ ಜೀವಕ್ಕ ಅಪಾಯ ಐತಿ ಅನಿಸಿದ್ರ, ಕಾಯ್ದೆ ಕೇಳಿದ್ರ, ಆಗ ಮಾತ್ರ ಹೇಳಬೇಕಾಗತೈತಿ, ಅದನ್ನೂ ಮೊದಲ ನಿಮಗ ತಿಳಿಸಾಕ ನೋಡ್ತೀನಿ. ಅದಕ್ಕ ನಾ ಸಹಿ ಮಾಡಿದೆ. ನಿನಗ ಊರಿನ ಮಂದಿ ಬಾಯಿ ಅಂದ್ರ ಎಷ್ಟ ಅಂಜಿಕಿ ಐತಿ ಅಂತ ಗೊತ್ತು, ಅದಕ್ಕ ಇದನ್ನ ಬಿಡಿಸಿ ಬರದೇನಿ.

ಮೊದಲನೇ ದಿನ ಪೂರ್ತಿ ಪ್ರಶ್ನೆನ. ನಿದ್ದಿ, ಊಟ, ಕುಡೂದು, ಮೊದಲ ಇದ್ದ ಬ್ಯಾನಿ, ಮನ್ಯಾಗ ಯಾರಿಗರ ಹಿಂಗ ಆಗಿತ್ತೇನು, ಸಾಲ ಐತೇನು. ಹೊರಗ ಬಂದಾಗ ನನಗ "ಏನೂ ಹೇಳಲೇ ಇಲ್ಲಲ್ಲ" ಅನಿಸಿತ್ತು. ಅವರು ಹಿಂಗ ಮಾಡ್ರಿ ಹಂಗ ಮಾಡ್ರಿ ಅಂತ ಹೇಳೂದು ಕಡಿಮಿ, ಇದನ್ನ ಮೊದಲ ತಿಳಕೊಂಡ ಹೋಗು. ಮನಿಗೆ ಕೆಲಸಾ ಕೊಟ್ಟ ಕಳಸ್ತಾರ. ನನಗ ಒಂದ ನೋಟಬುಕ್ಕಿನ್ಯಾಗ ಗಾಬರಿ ಆದಾಗೊಮ್ಮೆ ಬರೀರಿ ಅಂದ್ರು: ಎಲ್ಲಿದ್ದೆ, ತಲ್ಯಾಗ ಏನ ಬಂತು, ಮೈಯಾಗ ಏನಾತು, ಎಷ್ಟ ನಿಮಿಷಕ್ಕ ಇಳೀತು. ದಿನಾ ಕಿರ್ದಿ ಬರಿಯಾವಗ ಅದೇನ ತ್ರಾಸ ಆಗಲಿಲ್ಲ. ಮೂರ ವಾರದ ಮ್ಯಾಲ ಆ ಹಾಳಿ ನೋಡಿದ್ರ ಹದಿನೇಳ ಸಲ ಗಾಬರಿ ಆಗಿತ್ತು, ಹದಿನೇಳೂ ಸಲ ತಾನ ಇಳದಿತ್ತು, ಒಂದ ಸಲಾನೂ ನಾ ಸತ್ತಿರಲಿಲ್ಲ. ನನ್ನ ಕೈಬರಹದಾಗ ಇತ್ತು, ಇಲ್ಲ ಅನ್ನಾಕ ಬರೂದಿಲ್ಲ.

ಐದನೇ ವಾರ ಏನ ಮಾಡಿಸಿದ್ರು ಕೇಳು. ಹಾರ್ಟಿನ ರಿಪೋರ್ಟ್ ಎಲ್ಲಾ ನೋಡಿದ ಮ್ಯಾಲ, "ಪಾವಟಗಿ ಹತ್ತಿ ಇಳೀರಿ, ಒಂದ ನಿಮಿಷ, ಜೋರಾಗಿ" ಅಂದ್ರು. ಅವರೂ ಬಾಗಲದಾಗ ನಿಂತ್ರು. ಹತ್ತಿ ಇಳದು ಬಂದು ಕುಂತೆ. ಎದಿ ಕೌಂಟರಿನ್ಯಾಗ ಬಡದಂಗನ ಬಡ್ಯಾಕ ಹತ್ತಿತ್ತು, ಅದ ಬೆವರು, ಅದ ನಡುಕ. "ಈಗ ಸಾಯ್ತೀರೇನು?" ಅಂದ್ರು. "ಇಲ್ರಿ, ಓಡಿದ್ದಕ್ಕ ಹಂಗಾಗೇತಿ" ಅಂದೆ. "ಎದಿಗೆ ಓಡಿದ್ದೂ ಅಂಜಿದ್ದೂ ಒಂದ ನಮೂನಿ. ಸುಮ್ಮ ಕುಂತು ನೋಡ್ರಿ." ಫ್ಯಾನಿನ ಕೆಳಗ ಕುಂತು ನೋಡಿದೆ. ನಾಕನೇ ನಿಮಿಷಕ್ಕ ಇಳದಿತ್ತು. ಹದಿನೇಳ ಸಲ ನಾ ಅದನ್ನ ತಡ್ಯಾಕ ಬಡದಾಡಿದ್ದೆ, ಅವತ್ತ ಮೊದಲನೇ ಸಲ ಕುಂತ ನೋಡಿದೆ. ನಿಂದು ಗಾಬರಿ ಅಲ್ಲ, ನಿಂದು ದುಃಖ, ಅಪ್ಪಾರ ದುಃಖ. ನಿನಗ ಪಾವಟಗಿ ಹತ್ತಸೂದಿಲ್ಲ. ಅವರು ಅಪ್ಪಾರ ಬಗ್ಗೆ ಕೇಳ್ತಾರ, ಮಗ್ಗದ ಮನ್ಯಾಗ ಅವರ ಕುಂಡ್ರೂ ಜಾಗಾ ಯಾವದು ಅಂತ ಕೇಳಬಹುದು. ಹೇಳು.

ಮೂರನೇ, ನಾಕನೇ ಸೆಷನ್ನಿಗೆ ನಿನಗ ಬಿಡಬೇಕು ಅನಸತೈತಿ. ನನಗ ಹೋಗೂಕಿಂತ ಹೋಗಿ ಬಂದ ಮ್ಯಾಲ ಹೆಚ್ಚು ತ್ರಾಸ ಆಗಾಕ ಹತ್ತಿತ್ತು, ಮುಚ್ಚಿಟ್ಟದ್ದು ತಗದಾಗ ಹಂಗ ಆಗತೈತಿ. ಬಿಡೂದಿದ್ರ ಅವರ ಮುಂದನ "ಬಿಡಬೇಕು ಅನಸೇತ್ರಿ" ಅಂತ ಹೇಳು, ಸುಮ್ಮನ ತಪ್ಪಿಸಬ್ಯಾಡ. ಮೂರನಾಕ ಸಲ ಆದ ಮ್ಯಾಲೂ ಆ ಮನಷ್ಯಾರ ಮುಂದ ಬಾಯಿ ಬಿಚ್ಚಾಕ ಆಗವಲ್ದು ಅಂದ್ರ ಬ್ಯಾರೆಯವರನ್ನ ನೋಡು. ಅದು ನಿನ್ನ ತಪ್ಪಲ್ಲ, ಅವರದೂ ಅಲ್ಲ.

ಈಗ ರೊಕ್ಕದ್ದು. ನನಗ ಒಂದ ಸಲಕ್ಕ 800, ಐವತ್ತ ನಿಮಿಷ. ಮೊದಲ ಆರ ಸಲ ವಾರಕ್ಕೊಮ್ಮೆ ಹೋದೆ. ಮಗನ ಕಾಲೇಜ ಫೀ ಕಟ್ಟೂ ತಿಂಗಳ ಬಂದಾಗ ಕೈ ಬಿಗಿ ಆತು. ನಾಚಿಕಿ ಬಿಟ್ಟು ಹೇಳಿದೆ. "ಹೇಳಿದ್ದು ಚಲೋ ಆತು" ಅಂದು 600ಕ್ಕ ಇಳಿಸಿದ್ರು, ಹದಿನೈದ ದಿನಕ್ಕೊಮ್ಮೆ ಬರ್ರಿ, ನಡುವ ಬರಿಯೂ ಕೆಲಸಾ ಹೆಚ್ಚ ಮಾಡ್ರಿ ಅಂದ್ರು. ಹಂಗ ಎಂಟ ಸಲ. ಒಂದಿನ ಆಡಿಟ್ ಅಂತ ಹೇಳದ ತಪ್ಪಿಸಿದ್ದೆ, ಅದಕ್ಕ 800 ಕೊಡಬೇಕಾತು. ಒಂದ ದಿನ ಮೊದಲ ತಿಳಿಸಿದ್ರ ಬಿಡ್ತಿದ್ರು, ಅದೂ ಮೊದಲನೇ ಹಾಳಿಯಾಗ ಇತ್ತು. ಎಲ್ಲಾ ಸೇರಿ 10,400. ಬೆಳಗಾವ್ಯಾಗ, ಹುಬ್ಬಳ್ಳ್ಯಾಗ, ಬೆಂಗಳೂರಾಗ ರೇಟ್ ಬ್ಯಾರೆ ಬ್ಯಾರೆ ಇರತಾವ. ನೀ ವಾರಾ ಬಟವಾಡೆ ಮಾಡಾವ, ಕೈಯಾಗ ಎಷ್ಟ ಉಳಿತೈತಿ ಅಂತ ನನಗ ಗೊತ್ತು. ಅದಕ್ಕ ಫೋನ್ ಮಾಡಿದ ಕೂಡ್ಲೆ ಮೊದಲ ಫೀ ಕೇಳು, ಕಡಿಮಿ ಆಗತೈತೇನು ಕೇಳು, ತಪ್ಪಿದ್ರ ಹ್ಯಾಂಗ ಕೇಳು. ಯಾರರ ಎಲ್ಲಾ ಒಮ್ಮೆ ಕಟ್ಟು ಅಂದ್ರ ಬಿಟ್ಟ ಬಾ.

ಆದ್ರ ನಿನ್ನ ಒಳಗಿನ ಪ್ರಶ್ನೆ ಅದಲ್ಲ ಅಂತ ನನಗನಸ್ತೈತಿ. ಬರೇ ಮಾತಾಡೂದಕ್ಕ ರೊಕ್ಕ ಯಾಕ? ದೋಸ್ತರಿಲ್ಲೇನು, ಮನಿಯವರಿಲ್ಲೇನು? ಇಪ್ಪತ್ತ ವರ್ಷ ಕ್ಯಾಶ್ ನೋಡಿದ ನನಗೂ ಹಂಗ ಅನಿಸಿತ್ತು. ಅಣ್ಣನ ಮುಂದ ಹೇಳಿದ್ರ ಅಂವಗೊಂದು ಚಿಂತಿ ಹಚ್ಚಿದಂಗ. ನಿಮ್ಮ ವೈನಿ ಮುಂದ ಹೇಳಿದ್ರ ಆಕಿ ಊಟ ಬಿಡ್ತಾಳ, ಆಮ್ಯಾಲ ಆಕೀಗೆ ನಾನ ಸಮಾಧಾನ ಹೇಳಬೇಕು. ನಿನ್ನ ಮುಂದ ಹೇಳಿದ್ರ ನಿಂದೂ ಕೇಳಬೇಕು. ಕೇಳಬೇಕು ಖರೆ, ಅವತ್ತ ನನಗ ಆ ತ್ರಾಣ ಇರಲಿಲ್ಲ. ಆ ಖೋಲ್ಯಾಗ 800 ಕೊಟ್ಟೆ ಅಂದ್ರ ಲೆಕ್ಕ ಅಲ್ಲೇ ಚುಕ್ತಾ. ಮೇಡಂ ಅವರ ಮನಿ ಕಷ್ಟಾ ನಾ ಕೇಳಬೇಕಾಗಿಲ್ಲ. ಅವರಿಗೆ ಬ್ಯಾಸರಾದೀತು ಅಂತ ನಡುವ ನಗಬೇಕಾಗಿಲ್ಲ. ನಾಳೆ ಮದಿವಿ ಮನ್ಯಾಗ ಭೆಟ್ಟಿ ಆದ್ರ "ಈಗ ಹ್ಯಾಂಗದೀ?" ಅಂತ ನಾಕ ಮಂದಿ ಮುಂದ ಕೇಳೂದಿಲ್ಲ. ನಮ್ಮಪ್ಪ ತೀರಿದಾಗ ನಾ ಅತ್ತಿರಲಿಲ್ಲ, ನಿನಗ ನೆನಪಿರಬೇಕು, ಮಂದಿ ಗಟ್ಟಿಮುಟ್ಟ ಅಂದ್ರು. ಒಂಬತ್ತ ವರ್ಷದ ಮ್ಯಾಲ, ಯಾರ ಋಣಾನೂ ಹೊರದ, ಆ ಕುರ್ಚಿ ಮ್ಯಾಲ ಕುಂತು ಅತ್ತೆ. ಆ ರೊಕ್ಕ ನನಗ ಎಂದೂ ಹೆಚ್ಚ ಅನಿಸಿಲ್ಲ.

ಅಷ್ಟೂ ಆಗೂದಿಲ್ಲ ಅನ್ನೂ ಹಂಗಿದ್ರ ಸರ್ಕಾರಿ ದಾರಿ ಅದಾವ. ಜಿಲ್ಲಾ ಆಸ್ಪತ್ರ್ಯಾಗ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಇರ್ತಾರ. ತಾಲೂಕ ಆಸ್ಪತ್ರಿಗೆ ಮಂಗಳವಾರ ಮನೋವೈದ್ಯರು ಬರೂ ಮನೋಚೈತನ್ಯ ಅನ್ನೂ ಕಾರ್ಯಕ್ರಮನೂ ಐತಿ, ಹೋಗೂಕಿಂತ ಮೊದಲ ಫೋನ್ ಮಾಡಿ ಆ ವಾರ ಬರ್ತಾರೇನು ಕೇಳು. ಧಾರವಾಡದ ಡಿಮ್ಹಾನ್ಸ್ ಐತಿ, ಸರ್ಕಾರಿ ಮನಸ್ಸಿನ ಆಸ್ಪತ್ರಿ, ಭಾಳ ಕಡಿಮಿ ಖರ್ಚು. ಹೌದು, ಅದ ಧಾರವಾಡ. ನನಗ ಅಂಜಿಕಿ ಹಾಕಿದ್ದ ಆ ಊರಾಗ ನೂರಾರ ಮಂದಿ ಚೀಟಿ ತಗದು ಸಾಲಿನ್ಯಾಗ ನಿಂತಿರ್ತಾರ, ನಮ್ಮಂಥವರ, ಬುತ್ತಿ ಕಟಗೊಂಡು ಬಂದವರು. ಗದ್ದಲ ಹೆಚ್ಚು, ಮಾತಿಗೆ ಸಮಯ ಕಡಿಮಿ ಸಿಗಬಹುದು, ಅದನ್ನ ತಿಳಕೊಂಡ ಹೋಗು. ಇನ್ಶೂರೆನ್ಸ್ ಕೇಳಿದ್ದಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮೈಬ್ಯಾನಿಗೆ ಕೊಟ್ಟಂಗನ ಮನಸ್ಸಿನ ಬ್ಯಾನಿಗೂ ಪಾಲಿಸಿ ಕೊಡಬೇಕು. ಆದ್ರ ನನ್ನ ಪಾಲಿಸಿ ಅಡ್ಮಿಟ್ ಆದ್ರ ಅಷ್ಟ, ಹೋಗಿ ಮಾತಾಡಿ ಬಂದದ್ದಕ್ಕ ಇಲ್ಲ. ನಿನ್ನ ಪಾಲಿಸ್ಯಾಗ ಓಪಿಡಿ, ಅಂದ್ರ ಅಡ್ಮಿಟ್ ಆಗದ ತೋರಿಸಿಕೊಂಡದ್ದಕ್ಕ ರೊಕ್ಕ ಕೊಡೂದು, ಐತೇನು ನೋಡು.

ಇವತ್ತ ಮೇಡಂಗ ಫೋನ್ ಮಾಡಿದ್ದೆ, ನಿನ್ನ ಹೆಸರ ಹೇಳಿಲ್ಲ. ಇಷ್ಟ ಹತ್ತಿರದ ಗೆಳ್ಯಾರನ್ನ ಇಬ್ಬರನೂ ತಾವ ನೋಡೂದು ಸರಿ ಅಲ್ಲ ಅಂದ್ರು, ಬ್ಯಾರೆ ಇಬ್ಬರ ನಂಬರ ಕೊಟ್ರು. ಒಬ್ಬರು ಇಲ್ಲೇ ಬಾಗಲಕೋಟ್ಯಾಗ, ಇನ್ನೊಬ್ಬರು ಬೆಳಗಾವ್ಯಾಗ, ಅವರು ವಿಡಿಯೋದಾಗೂ ನೋಡ್ತಾರ, ಇಬ್ಬರಿಗೂ ನಮ್ಮ ಮಾತು ಬರತೈತಿ. ವಾಟ್ಸಪ್ಪಿಗೆ ಕಳಸೇನಿ. ವಿಡಿಯೋ ಅಂದ್ರ ಮನ್ಯಾಗ ಅವ್ವಾರು ಬಾಜೂ ಖೋಲ್ಯಾಗ ಇರ್ತಾರ, ನಿನಗ ಬಾಯಿ ಬರೂದಿಲ್ಲ. ಮೊದಲನೇ ಸಲ ಇಲ್ಲೇ ಬಾ.

ಎರಡನೇ ಶನಿವಾರ ನನಗ ಸೂಟಿ. ಮುಂಜಾನೆ ಬಸ್ಸಿಗೆ ಕುಂತು ಫೋನ್ ಮಾಡು, ಸ್ಟ್ಯಾಂಡಿಗೆ ಗಾಡಿ ತಗೊಂಡು ಬರ್ತೀನಿ. ಒಳಗ ನೀ ಒಬ್ಬನ ಹೋಗು. ಕೆಳಗ ಚಾದ ಅಂಗಡಿ ಐತಂತ, ನಾ ಅಲ್ಲೇ ಕುಂತಿರ್ತೀನಿ. ಹೊರಗ ಬಂದ ಮ್ಯಾಲ ಏನ ಆತು ಅಂತ ನಾ ಕೇಳೂದಿಲ್ಲ. ಮನಿಗೆ ಹೋಗಿ ಉಣ್ಣೂಣು, ನಿಮ್ಮ ವೈನಿ ಜ್ವಾಳದ ರೊಟ್ಟಿ, ಎಣಗಾಯಿ ಮಾಡ್ತೀನಿ ಅಂದಾಳ.

ನಿನ್ನ
ದೋಸ್ತ