ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆಯಬೇಡಿ

ಮಾನ್ಯರೇ,

ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ದೂಳು ಬ್ಯಾಗಸೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರಬಲ್ಲದು. ಸಿಪ್ಪೆಯ ರಾಶಿ ಕೆದಕುವವರಿಗೆ ಪಿಎಪಿಆರ್, ಅಂದರೆ ಸೊಂಟದ ಬ್ಲೋವರ್‌ನಿಂದ ಶೋಧಿಸಿದ ಗಾಳಿಯನ್ನು ತಲೆ, ಮುಖ ಮುಚ್ಚುವ ಹುಡ್‌ಗೆ ನೂಕುವ ಸಾಧನ, ಕೊಟ್ಟರಷ್ಟೇ ಸಾಲದು.

ದೊಡ್ಡ ತಪ್ಪು ನಡೆಯುವುದು ಫಿಲ್ಟರಿನಲ್ಲಿ. ದೂಳು ಕಟ್ಟಿತೆಂದು ಕಂಪ್ರೆಸರ್ ಗಾಳಿ ಹೊಡೆದರೆ, ನೀರಿನಲ್ಲಿ ತೊಳೆದರೆ, ಮಡಿಕೆ ಮಡಿಕೆಯಾದ ಆ ಹಾಳೆ ಕಣ್ಣಿಗೆ ಕಾಣದಂತೆ ಹರಿಯುತ್ತದೆ. ಆಮೇಲೆ ಗಾಳಿ ಸರಾಗ, ದೂಳೂ ಸರಾಗ! ಕಟ್ಟಿದ ಫಿಲ್ಟರನ್ನು ಬದಲಿಸಲೇಬೇಕು. ಹೊಸದನ್ನು ಕೂರಿಸುವಾಗ ರಬ್ಬರ್ ಗ್ಯಾಸ್ಕೆಟ್ ಮೇಲೆ ಬೆರಳಾಡಿಸಿ. ಒಂದು ಸೀಳು, ಒಂದು ಎಳೆ ಸಿಪ್ಪೆ ಸಿಕ್ಕಿದ್ದರೂ ಸೋರುತ್ತದೆ.

ಪ್ರತಿ ಪಾಳಿಗೆ ಮುನ್ನ, ಚಾರ್ಜ್ ಆದ ಬ್ಯಾಟರಿ ಹಾಕಿ, ಹರಿವು ಮಾಪಕದಿಂದ ನೋಡಿ. ಸಡಿಲ ಹುಡ್‌ಗೆ ನಿಮಿಷಕ್ಕೆ ಕನಿಷ್ಠ 170 ಲೀಟರ್, ಬಿಗಿ ಮಾಸ್ಕ್‌ಗೆ 115 ಲೀಟರ್ ಗಾಳಿ ಬೇಕು. ಬ್ಲೋವರ್‌ನಿಂದ ಹುಡ್‌ಗೆ ಗಾಳಿ ಒಯ್ಯುವ ಕೊಳವೆಯನ್ನು ಉದ್ದಕ್ಕೆ ಎಳೆದು ಹಿಡಿದರೆ ಅದರ ಮಡಿಕೆಗಳೊಳಗಿನ ಬಿರುಕು ಕಾಣುತ್ತದೆ. ಹಂಗಾಮು ಮುಗಿದ ಮೇಲೆ ಲಿಥಿಯಂ ಬ್ಯಾಟರಿಯನ್ನು ಖಾಲಿ ಬಿಡದೆ, ಅರ್ಧದಷ್ಟು ಚಾರ್ಜ್‌ನಲ್ಲಿ ಬಿಚ್ಚಿ ತಂಪಾದ ಜಾಗದಲ್ಲಿಡಿ.

ಫಿಲ್ಟರಿನ ಖರ್ಚು ಉಳಿಸಲು ಹೋಗಿ ಕಾರ್ಮಿಕರ ಉಸಿರು ಕಳೆಯಬಾರದೆಂದು ಆಡಳಿತ ಮಂಡಳಿಗಳಲ್ಲಿ ನಮ್ಮ ಕಳಕಳಿಯ ವಿನಂತಿ.

– ಸುರಕ್ಷತಾ ಉಪಕರಣ ತಂತ್ರಜ್ಞರು, ಮಂಡ್ಯ